ಮಹಜರು ಇಲ್ಲದ ಪತ್ತೇದಾರಿಕೆ

ಮಾನ್ಯರೇ,

ರಾತ್ರಿಯ ಪೊಲೀಸ್ ಧಾರಾವಾಹಿಗಳಲ್ಲಿ ಪದೇ ಪದೇ ಬರುವ ದೃಶ್ಯವೊಂದಿದೆ. ಕೊಲೆಯಾದ ಮನೆ. ಇನ್‌ಸ್ಪೆಕ್ಟರ್ ಒಳಗೆ ಬರುತ್ತಾರೆ. ಹಿಂದೆ ನಾಲ್ವರು ಸಿಬ್ಬಂದಿ, ಅವರ ಹಿಂದೆ ಅಳುತ್ತಿರುವ ಅತ್ತಿಗೆ, ನಾದಿನಿ, ಅರ್ಧ ಬೀದಿ. ಸಾಹೇಬರು ಮೇಜಿನ ಮೇಲಿನ ಲೋಟವನ್ನು ಕರವಸ್ತ್ರದಲ್ಲಿ ಎತ್ತಿ, ಬೆಳಕಿಗೆ ಹಿಡಿದು ನೋಡಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, 'ಲ್ಯಾಬ್‌ಗೆ ಕಳಿಸ್ರಿ' ಎನ್ನುತ್ತಾರೆ. ಜಾಹೀರಾತು ಮುಗಿಯುವಷ್ಟರಲ್ಲಿ ವರದಿ ಬಂದಿರುತ್ತದೆ.

ತನಿಖೆ ಗೊತ್ತಿರುವವರ ಕಣ್ಣಿಗೆ ಆ ಕೇಸ್ ಲೋಟ ಎತ್ತಿದಾಗಲೇ ಬಿದ್ದುಹೋಗಿರುತ್ತದೆ. ಉಳಿದ ಇನ್ನೂರು ಕಂತು ನೋಡುವುದು ಸುಮ್ಮನೆ.

ಮೊದಲು ಬರುವ ಬೀಟ್ ಕಾನ್‌ಸ್ಟೇಬಲ್‌ಗೆ ಅಲ್ಲಿ ಮುಖ್ಯವಾಗಿ ಒಂದೇ ಕೆಲಸ: ಗಾಯಗೊಂಡವರಲ್ಲಿ ಯಾರಾದರೂ ಬದುಕಿದ್ದಾರೆಯೇ ಎಂದು ನೋಡಿ, ಆಮೇಲೆ ಉಳಿದವರನ್ನೆಲ್ಲ ಹೊರಗಿಡುವುದು. ಅಷ್ಟರಲ್ಲಾಗಲೇ ಒಳಗೆ ಹೋಗಿಬಂದವರು ಯಾರು ಎಂದು ಬರೆದಿಟ್ಟುಕೊಳ್ಳಬೇಕು. ಏಕೆಂದರೆ ನಾಳೆ ಸಿಗುವ ಬೆರಳಚ್ಚು, ಹೆಜ್ಜೆ ಗುರುತುಗಳಲ್ಲಿ ಅವರವು ಯಾವುವೆಂದು ಬೇರ್ಪಡಿಸಬೇಕು. ಏನನ್ನೂ ಮುಟ್ಟುವ ಮುನ್ನ ಫೋಟೊ: ಬಾಗಿಲಿನಿಂದ ಇಡೀ ಕೋಣೆ, ನಂತರ ವಸ್ತು ಮತ್ತು ಅದರ ಸುತ್ತಮುತ್ತ, ಕೊನೆಗೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಹತ್ತಿರದಿಂದ. ಆಮೇಲೆ ನಕ್ಷೆ. ಲೋಟ 'ಮೇಜಿನ ಮೇಲಿತ್ತು' ಎಂದರೆ ಸಾಲದು. ಬಾಗಿಲ ಚೌಕಟ್ಟಿನಿಂದ ಎಷ್ಟು ಅಡಿ, ಎದುರು ಗೋಡೆಯಿಂದ ಎಷ್ಟು ಎಂದು ಅಲುಗಾಡದ ಎರಡು ಜಾಗಗಳಿಂದ ಅಳೆದು ಬರೆಯಬೇಕು. ಇಬ್ಬರು ಪಂಚರು, ಅಂದರೆ ಹೊರಗಿನ ಸಾಕ್ಷಿಗಳು, ಎದುರಿಗಿರಬೇಕು. ಇದನ್ನೆಲ್ಲ ಬರೆದು ಅವರ ಸಹಿ ಪಡೆದ ದಾಖಲೆಯೇ ಮಹಜರು. ಮುಟ್ಟುವ ಮಾತು ಬರುವುದು ಇಷ್ಟೆಲ್ಲ ಆದಮೇಲೆ.

ಇನ್ನು ಕರವಸ್ತ್ರ. ಮುಟ್ಟಿದವನ ಬೆರಳಚ್ಚು ಬೀಳದಂತೆ ಅದು ತಡೆಯಬಹುದು, ನಿಜ. ಆದರೆ ಲೋಟದ ಮೇಲೆ ಮೊದಲೇ ಇದ್ದ ಅಚ್ಚನ್ನೂ ಉಜ್ಜಿ ಹಾಕುತ್ತದೆ. ಬೆರಳಚ್ಚು ಎಂದರೆ ಬೆವರು, ಜಿಡ್ಡುಗಳ ತೆಳು ಪದರ, ಬಟ್ಟೆ ತಾಗಿದರೆ ಅಳಿಸಿಹೋಗುತ್ತದೆ. ಕೈಗವಸು ಹಾಕಿಕೊಂಡು, ಸಾಮಾನ್ಯವಾಗಿ ಯಾರೂ ಹಿಡಿಯದ ಅಂಚು ಮತ್ತು ತಳದಲ್ಲಿ ಎರಡು ಬೆರಳಿನಿಂದ ಎತ್ತಬೇಕು. ಒಳಗೆ ಉಳಿದ ಪಾನೀಯವನ್ನು ಬೇರೆ ಬಾಟಲಿಗೆ ತೆಗೆಯಬೇಕು.

ಪ್ಲಾಸ್ಟಿಕ್ ಚೀಲದ್ದು ಇನ್ನೂ ದೊಡ್ಡ ತಪ್ಪು. ರಕ್ತ ಅಂಟಿದ ಬಟ್ಟೆಯನ್ನಾಗಲಿ ಹತ್ತಿಯನ್ನಾಗಲಿ ನೆರಳಲ್ಲಿ ಆರಿಸಿ, ಕಾಗದದ ಲಕೋಟೆಗೆ ಹಾಕುತ್ತಾರೆ. ಪ್ಲಾಸ್ಟಿಕ್ಕಿನಲ್ಲಿ ತೇವ ಒಳಗೇ ಉಳಿದು ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಡಿಎನ್‌ಎ ಕೊಳೆಯುತ್ತದೆ. ಬಿಸಿಲಲ್ಲಿ ಒಣಗಿಸಿದರೂ ಹಾಳು. ಲಕೋಟೆ ಮುಚ್ಚಿ, ಅರಗು ಒತ್ತಿ, ಪಂಚರ ಸಹಿ ಇರುವ ಚೀಟಿ ಅಂಟಿಸಿ, ಅದೇ ಮೊಹರಿನ ಮಾದರಿಯನ್ನು ಬೇರೆಯಾಗಿ ತೆಗೆದಿಡುತ್ತಾರೆ. ಲ್ಯಾಬ್‌ನವರು ಲಕೋಟೆಯ ಮೊಹರು ಮತ್ತು ಮಾದರಿ ಮೊಹರು ಒಂದೇ ಎಂದು ಹೋಲಿಸಿ ನೋಡಿಯೇ ತೆರೆಯುವುದು. ಠಾಣೆಯಲ್ಲಿ ವಸ್ತುವಿಗೆ ಪಿಎಫ್ (ಪ್ರಾಪರ್ಟಿ ಫಾರಂ) ನಂಬರ್ ಬೀಳುತ್ತದೆ, ಕೋರ್ಟಿಗೆ ತಿಳಿಸಲಾಗುತ್ತದೆ, ಮುದ್ದೆಮಾಲು, ಅಂದರೆ ಜಪ್ತಾದ ವಸ್ತುಗಳ ಕೋಣೆಗೆ ಹೋಗುತ್ತದೆ. ಅಲ್ಲಿಂದ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೋ ಪ್ರಾದೇಶಿಕ ಪ್ರಯೋಗಾಲಯಕ್ಕೋ ಒಬ್ಬ ಸಿಬ್ಬಂದಿಯ ಕೈಲಿ ಹೋಗಿ, ಸ್ವೀಕೃತಿ ಬರುತ್ತದೆ. ಕೈ ಬದಲಾದಷ್ಟು ಸಲ ಒಬ್ಬೊಬ್ಬ ಸಾಕ್ಷಿ. ಮುದ್ದೆಮಾಲು ಮೂರು ವಾರ ಠಾಣೆಯಲ್ಲೇ ಕೂತಿದ್ದರೆ ಆರೋಪಿ ಪರ ವಕೀಲರ ಮೊದಲ ಪ್ರಶ್ನೆ ಗೊತ್ತೇ ಇದೆ: ಅಲ್ಲಿಯವರೆಗೆ ಬೀಗದ ಕೈ ಯಾರ ಹತ್ತಿರ ಇತ್ತು?

2024ರ ಜುಲೈ 1ರಿಂದ ಜಾರಿಯಲ್ಲಿರುವ, ತನಿಖೆ ಮತ್ತು ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಇದನ್ನೆಲ್ಲ ಇನ್ನಷ್ಟು ಬಿಗಿ ಮಾಡಿದೆ. 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು, ವಿಡಿಯೊ ಆಗಬೇಕು (176ನೇ ಕಲಂನ 3ನೇ ಉಪಕಲಂ, ಪೂರ್ಣ ಜಾರಿಗೆ ರಾಜ್ಯಗಳಿಗೆ 5 ವರ್ಷದ ಅವಕಾಶವಿದೆ). ಶೋಧನೆ, ಜಪ್ತಿ ಎರಡನ್ನೂ ಧ್ವನಿ-ದೃಶ್ಯದಲ್ಲಿ ದಾಖಲಿಸಿ ತಡವಿಲ್ಲದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು (105). ಅದಕ್ಕೆಂದೇ 'ಇ-ಸಾಕ್ಷ್ಯ' ಎಂಬ ಆ್ಯಪ್ ಬಂದಿದೆ. ಟಿ.ವಿ.ಯ ಪತ್ತೇದಾರರು ಮಾತ್ರ ಇನ್ನೂ ಕರವಸ್ತ್ರದ ಕಾಲದಲ್ಲೇ ಇದ್ದಾರೆ.

ಎರಡನೆಯ ಕಾಯಂ ದೃಶ್ಯ ಲಾಕಪ್ಪಿನದು. ಎರಡು ಏಟು, ಒಂದು ಗುಡುಗು, ಆರೋಪಿ ಬಾಯಿಬಿಡುತ್ತಾನೆ, ಹಿನ್ನೆಲೆ ಸಂಗೀತ, ಕೇಸ್ ಕ್ಲೋಸ್. ಪೊಲೀಸ್ ಅಧಿಕಾರಿಯ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸುವಂತಿಲ್ಲ. ಹಿಂದೆ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿದ್ದುದನ್ನು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಹೇಳುತ್ತದೆ. ಬ್ರಿಟಿಷರ ಕಾಲದಿಂದ ಇರುವ ನಿಯಮ, ಹೊಸದೇನಲ್ಲ. ಹೊಡೆದು ಬರೆಸಿಕೊಂಡ ಹತ್ತು ಪುಟ ಕೋರ್ಟಿನಲ್ಲಿ ರದ್ದಿ. ಏಟಿನ ಗುರುತು ವೈದ್ಯಕೀಯ ತಪಾಸಣೆಯಲ್ಲಿ ಸಿಕ್ಕರೆ ಕಟಕಟೆಗೆ ಹೋಗುವವರೇ ಬದಲಾಗುತ್ತಾರೆ.

ಏಟು ಬೇಡ ಎನ್ನುವ 'ವೈಜ್ಞಾನಿಕ' ಧಾರಾವಾಹಿಗಳು ನಾರ್ಕೊ (ಮಂಪರು) ಇಂಜೆಕ್ಷನ್ ಹಿಡಿದು ಬರುತ್ತವೆ. ಒಪ್ಪಿಗೆ ಇಲ್ಲದೆ ನಾರ್ಕೊ, ಸುಳ್ಳು ಪತ್ತೆ, ಬ್ರೇನ್ ಮ್ಯಾಪಿಂಗ್ ಮೂರನ್ನೂ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತು. ಆ ಪ್ರಕರಣದ ಹೆಸರೇ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ'. ನಮ್ಮದೇ ರಾಜ್ಯ ಎದುರುದಾರನಾಗಿದ್ದ ತೀರ್ಪು ನಮ್ಮ ಕಥೆಗಾರರ ಕಣ್ಣಿಗೆ ಬೀಳದಿರುವುದು ಸೋಜಿಗ. ಒಪ್ಪಿ ಪರೀಕ್ಷೆಗೆ ಕೂತರೂ ಆಗ ಹೇಳಿದ ಮಾತು ಸಾಕ್ಷ್ಯವಲ್ಲ. ಆ ಮಾತಿನ ಜಾಡು ಹಿಡಿದು ಸಿಗುವ ವಸ್ತುವಿಗಷ್ಟೇ ಬೆಲೆ.

ಕಥೆ ಬರೆಯುವವರಿಗೆ ನಿಜವಾದ ನಿಧಿ ಇರುವುದು ಅದೇ 23ನೇ ಕಲಂಗೆ ಅಂಟಿಕೊಂಡ ಪರಂತುಕದಲ್ಲಿ, ಅಂದರೆ ವಿನಾಯಿತಿಯಲ್ಲಿ. ಕಸ್ಟಡಿಯಲ್ಲಿರುವ ಆರೋಪಿ 'ಮಚ್ಚನ್ನು ಇಂಥಲ್ಲಿ ಬಚ್ಚಿಟ್ಟಿದ್ದೇನೆ, ಬನ್ನಿ ತೋರಿಸ್ತೀನಿ' ಎಂದು ಹೇಳಿ, ಅದರಂತೆ ಮಚ್ಚು ಸಿಕ್ಕರೆ, ಆ ಪತ್ತೆಗೆ ನೇರ ಸಂಬಂಧಪಟ್ಟಷ್ಟು ಮಾತು ಮಾತ್ರ ಸಾಕ್ಷ್ಯ. 'ಅದರಲ್ಲೇ ಕಡಿದೆ' ಎಂಬ ಮುಂದಿನ ಮಾತು ಸಾಕ್ಷ್ಯವಲ್ಲ. ಒಂದೇ ವಾಕ್ಯವನ್ನು ನ್ಯಾಯಾಧೀಶರು ಕತ್ತರಿಯಿಂದ ಕತ್ತರಿಸಿದಂತೆ ಎರಡು ಮಾಡುತ್ತಾರೆ. ಇದು ಕೈಕೊಡುವ ಬಗೆಗಳೂ ಹಲವು. ಮಚ್ಚು ಸಿಕ್ಕಿದ್ದು ಎಲ್ಲರೂ ಓಡಾಡುವ ಬಯಲು ಪೊದೆಯಲ್ಲಿ ಎಂದಾದರೆ ಅದು ಇವನಿಗೆ ಮಾತ್ರ ಗೊತ್ತಿತ್ತು ಎನ್ನುವುದು ಕಷ್ಟ. ಪೊಲೀಸರಿಗೆ ಜಾಗ ಮೊದಲೇ ತಿಳಿದಿತ್ತು ಎಂದಾದರೆ ಪತ್ತೆ ಎಂಬ ಮಾತಿಗೇ ಅರ್ಥವಿಲ್ಲ. ಮಹಜರಿಗೆ ಸಹಿ ಹಾಕಿದ ಪಂಚ ಅದೇ ಠಾಣೆಯ ಇನ್ನೂ ಹತ್ತು ಕೇಸಿನಲ್ಲಿ ಪಂಚನಾಗಿದ್ದರೆ, ಅಥವಾ ಕೋರ್ಟಿಗೆ ಬಂದು 'ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು, ಅದರಲ್ಲಿ ಏನಿತ್ತೋ ಗೊತ್ತಿಲ್ಲ' ಎಂದುಬಿಟ್ಟರೆ, ತನಿಖಾಧಿಕಾರಿಯ ಮುಖ ನೋಡಬೇಕು. ಲಾಕಪ್ಪಿನ ಯಾವ ಕಪಾಳಮೋಕ್ಷದಲ್ಲೂ ಅಷ್ಟು ನಾಟಕವಿಲ್ಲ.

ಎಫ್‌ಐಆರ್ ಎಂದರೆ ಧಾರಾವಾಹಿಯಲ್ಲಿ ಒಂದು ಬೆದರಿಕೆಯ ಮಾತು, 'ಎಫ್‌ಐಆರ್ ಹಾಕಿ ಒಳಗೆ ತಳ್ತೀನಿ'. ಅದು ತನಿಖೆಯ ಮೊದಲ ಕಾಗದವೇ ಹೊರತು ಶಿಕ್ಷೆಯಲ್ಲ. ಬೇರೆ ಠಾಣೆಯ ಸರಹದ್ದು ಎಂದು ದೂರುದಾರರನ್ನು ಅಟ್ಟುವಂತಿಲ್ಲ, ಝೀರೊ ಎಫ್‌ಐಆರ್ ಈಗ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂನಲ್ಲೇ ಇದೆ. ಪ್ರತಿಯನ್ನು ಉಚಿತವಾಗಿ ಕೊಡಬೇಕು. ಇದಕ್ಕಿಂತ ಕುತೂಹಲದ್ದು ಆಮೇಲಿನ ಓಟ. ಎಫ್‌ಐಆರ್ ತಡವಿಲ್ಲದೆ ಮ್ಯಾಜಿಸ್ಟ್ರೇಟರನ್ನು ತಲುಪಬೇಕಲ್ಲ? ರಾತ್ರಿ ಕೊಲೆಯಾದರೆ ಕಾನ್‌ಸ್ಟೇಬಲ್ ಒಬ್ಬ ಬೈಕಿನಲ್ಲಿ ಅವರ ಮನೆಗೇ ಹೋಗುತ್ತಾನೆ. ಅವರು ಸ್ವೀಕರಿಸಿದ ಗಂಟೆ ನಿಮಿಷ ಬರೆದು ಸಹಿ ಮಾಡುತ್ತಾರೆ. ದೂರು ಬಂದದ್ದು ರಾತ್ರಿ 11ಕ್ಕೆ, ಮ್ಯಾಜಿಸ್ಟ್ರೇಟರ ಸಹಿ ಮರುದಿನ ಮಧ್ಯಾಹ್ನ 2ಕ್ಕೆ ಎಂದಿದ್ದರೆ, ನಡುವಿನ 15 ಗಂಟೆಯಲ್ಲಿ ಯಾರ ಯಾರ ಹೆಸರು ಸೇರಿಕೊಂಡಿತು ಎಂಬ ವಾದ ಹುಟ್ಟುತ್ತದೆ. ತಡಕ್ಕೆ ಸರಿಯಾದ ಕಾರಣ ಹೇಳಲಾಗದೆ ಒದ್ದಾಡಿದ ಕೇಸುಗಳು ಕಡಿಮೆಯಿಲ್ಲ. ಆ ಬೈಕ್ ಪಂಕ್ಚರ್ ಆಗುವ ಒಂದು ಕಂತನ್ನು ಯಾರಾದರೂ ಬರೆಯಬಾರದೇ?

ಸಿಸಿಟಿವಿ ವಿಚಾರಕ್ಕೆ ಬಂದರೆ ಧಾರಾವಾಹಿಯ ಹುಡುಗ ಕೀಬೋರ್ಡ್ ತಟ್ಟುತ್ತಾನೆ, ಮಸುಕು ಮುಖ ನಿಚ್ಚಳವಾಗುತ್ತದೆ. ಕ್ಯಾಮೆರಾ ಸೆರೆಹಿಡಿಯದ ವಿವರವನ್ನು ಯಾವ ಕೀಲಿಯೂ ತಂದುಕೊಡದು. ನಿಜವಾದ ತೊಡಕೇ ಬೇರೆ. ಅಂಗಡಿಗಳ ಡಿವಿಆರ್‌ನಲ್ಲಿ (ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆಯಲ್ಲಿ) ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ದಾಖಲಾಗುತ್ತ ಹೋಗುತ್ತದೆ. ಡಿಸ್ಕಿನ ಅಳತೆ, ಕ್ಯಾಮೆರಾ ಸಂಖ್ಯೆ ನೋಡಿಕೊಂಡು ಕೆಲವು ದಿನವೋ ಕೆಲವು ವಾರವೋ, ಅಷ್ಟೇ ಅದರ ಆಯುಸ್ಸು. ಇನ್ನೊಂದು, ಗಡಿಯಾರ. ಡಿವಿಆರ್ ತೋರಿಸುವ ವೇಳೆ ನಿಜವಾದ ವೇಳೆಗಿಂತ ಹತ್ತು ಹನ್ನೊಂದು ನಿಮಿಷ ಹಿಂದೆ ಮುಂದೆ ಇರುವುದು ತೀರಾ ಮಾಮೂಲು. ಒಮ್ಮೆ ಕರೆಂಟ್ ಹೋಗಿ ಒಳಗಿನ ಬ್ಯಾಟರಿ ಸತ್ತಿದ್ದರೆ ವರ್ಷವೇ ತಪ್ಪಾಗಿರುತ್ತದೆ. ಆದ್ದರಿಂದ ಡಿವಿಆರ್ ಪರದೆ ಮತ್ತು ಸರಿಯಾದ ಸಮಯ ತೋರುವ ಮೊಬೈಲ್ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಫೋಟೊ ತೆಗೆದು, ವ್ಯತ್ಯಾಸವನ್ನು ಮಹಜರಿನಲ್ಲಿ ಬರೆಯಬೇಕು. ಅದು ಮರೆತರೆ, ಆರೋಪಿ ಕೊಲೆಗೆ ಮೊದಲೇ ಮನೆ ಬಿಟ್ಟಿದ್ದ ಎಂದು ಅದೇ ವಿಡಿಯೊ ಆರೋಪಿಯ ಪರವಾಗಿ ಸಾಕ್ಷಿ ಹೇಳಬಹುದು. ವಿಡಿಯೊದ ನಕಲು ಕೋರ್ಟಿಗೆ ಹೋಗುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಉಪಕರಣದ ಉಸ್ತುವಾರಿ ಇದ್ದವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು, ಕಡತದ ಹ್ಯಾಶ್ ಮೌಲ್ಯ ಬರೆದಿರಬೇಕು. ಆ ಹ್ಯಾಶ್ ಎಂದರೆ ಕಡತದ ಬೆರಳಚ್ಚು ಅನ್ನಿ. ವಿಡಿಯೊದಲ್ಲಿ ಒಂದು ಚುಕ್ಕೆ ಬದಲಾದರೂ ಅದು ಬದಲಾಗುತ್ತದೆ.

ಮೊಬೈಲ್ ಟವರ್ ಲೊಕೇಷನ್ ಕೂಡ ಅಷ್ಟೇ. ಧಾರಾವಾಹಿಯಲ್ಲಿ ಕೆಂಪು ಚುಕ್ಕೆ ಮನೆಯ ಬಾಗಿಲವರೆಗೆ ಬರುತ್ತದೆ. ಕರೆ ವಿವರದಲ್ಲಿ ಸಿಗುವುದು ಟವರ್ ಮತ್ತು ಅದರ ದಿಕ್ಕು. ನಗರದಲ್ಲಿ ಟವರಿನ ವ್ಯಾಪ್ತಿ ಕೆಲವು ನೂರು ಮೀಟರ್ ಇರಬಹುದು, ಹಳ್ಳಿಗಾಡಿನಲ್ಲಿ ಹಲವು ಕಿಲೊಮೀಟರ್. ಫೋನ್ ಅಲ್ಲಿತ್ತು ಎಂದರೆ ಮಾಲೀಕನೂ ಅಲ್ಲಿದ್ದ ಎಂದಲ್ಲ.

ಶವಾಗಾರದ ಬಾಗಿಲಲ್ಲಿ ನಿಂತು 'ಸಾವು 10.20ಕ್ಕೆ ಆಗಿದೆ' ಎನ್ನುವ ವೈದ್ಯರಿಗೆ ಒಂದು ಮಾತು. ಸಾವಾದ ಒಂದೆರಡು ಗಂಟೆಯಲ್ಲಿ ರೆಪ್ಪೆ, ದವಡೆಯಿಂದ ಬಿಗಿತ ಆರಂಭವಾಗಿ, ಸುಮಾರು 12 ಗಂಟೆಯ ಹೊತ್ತಿಗೆ ಇಡೀ ದೇಹಕ್ಕೆ ಹಬ್ಬಿ, ಆಮೇಲೆ ಬಿಡುತ್ತ ಬರುತ್ತದೆ. ಬೇಸಿಗೆಯಲ್ಲಿ ಇದೆಲ್ಲ ಬೇಗ, ಚಳಿಯಲ್ಲಿ ನಿಧಾನ. ಹೀಗಾಗಿ ವೈದ್ಯರು ಕೊಡುವುದು ಅಂದಾಜು ಗಂಟೆಗಳ ಅಂತರವನ್ನು. ವಿಷದ ಅನುಮಾನವಿದ್ದರೆ ಜಠರ ಮತ್ತು ಅದರಲ್ಲಿರುವುದು, ಸಣ್ಣ ಕರುಳಿನ ತುಂಡು, ಯಕೃತ್ತು, ಎರಡೂ ಮೂತ್ರಪಿಂಡಗಳ ಅರ್ಧರ್ಧ ಭಾಗವನ್ನು ಜಾಡಿಗೆ ಹಾಕಿ ಸಾಮಾನ್ಯವಾಗಿ ಉಪ್ಪು ಕರಗುವಷ್ಟೂ ಕರಗಿಸಿದ ನೀರು ತುಂಬುತ್ತಾರೆ. ಹೌದು, ಅಡುಗೆ ಉಪ್ಪೇ. ಬಹುತೇಕ ಆಮ್ಲಗಳನ್ನು ಕುಡಿದ ಪ್ರಕರಣಗಳಲ್ಲಿ ಉಪ್ಪುನೀರಿನ ಬದಲು ಸ್ಪಿರಿಟ್, ಮದ್ಯದ ಅನುಮಾನವಿದ್ದರೆ ಸ್ಪಿರಿಟ್ ಕೂಡದು. ಸಂರಕ್ಷಕ ದ್ರವದ್ದೂ ಒಂದು ಮಾದರಿ ಜೊತೆಗೆ ಹೋಗಬೇಕು, ಇಲ್ಲದಿದ್ದರೆ ವಿಷ ಅದರಲ್ಲೇ ಇತ್ತೇನೋ ಎಂಬ ಸಂಶಯ ಉಳಿಯುತ್ತದೆ.

ನಮ್ಮ ಧಾರಾವಾಹಿಗಳಲ್ಲಿ ಸೊಸೆಯಂದಿರು ಸಾಯುವುದು ಹೆಚ್ಚು. ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ಶವ ತನಿಖೆಗೆ ತಹಶೀಲ್ದಾರರಂಥ ಕಾರ್ಯನಿರ್ವಾಹಕ ದಂಡಾಧಿಕಾರಿ ಬರುತ್ತಾರೆ, ಮರಣೋತ್ತರ ಪರೀಕ್ಷೆ ಆಗಲೇಬೇಕು. ಇಷ್ಟು ವರ್ಷದ ಇಷ್ಟು ಸೊಸೆಯಂದಿರಲ್ಲಿ ಒಬ್ಬರ ಮನೆಗೂ ತಹಶೀಲ್ದಾರರ ಜೀಪು ಬಂದದ್ದು ನೆನಪಿಲ್ಲ. ಅತ್ತೆಯನ್ನು ರಾತ್ರಿ ಒಂಬತ್ತಕ್ಕೆ ಗಂಡು ಪೊಲೀಸರು ದರದರ ಎಳೆದೊಯ್ಯುವುದು ಮಾತ್ರ ವಾರಕ್ಕೊಮ್ಮೆ ಇದ್ದೇ ಇದೆ. ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ, ಅಸಾಧಾರಣ ಸಂದರ್ಭ ಬಿಟ್ಟರೆ, ಹೆಂಗಸರನ್ನು ಬಂಧಿಸುವಂತಿಲ್ಲ. ಅಂಥ ಸಂದರ್ಭ ಬಂದರೂ ಮಹಿಳಾ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು.

ಎಲ್ಲಕ್ಕಿಂತ ಬೇಸರ ತರಿಸುವುದು ಮಕ್ಕಳ ದೃಶ್ಯ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವನ್ನು ಠಾಣೆಯ ಬೆಂಚಿನ ಮೇಲೆ ಕೂರಿಸಿ, ಸಮವಸ್ತ್ರದ ಪಿಎಸ್‌ಐ ಮೇಡಂ ಲಾಠಿ ಪಕ್ಕಕ್ಕಿಟ್ಟು ಪ್ರೀತಿಯಿಂದ ಪ್ರಶ್ನೆ ಕೇಳುತ್ತಾರೆ. ಪೋಕ್ಸೊ ಕಾಯ್ದೆಯ 24ನೇ ಕಲಂ ಪ್ರಕಾರ ಹೇಳಿಕೆ ಪಡೆಯುವುದು ಮಗುವಿನ ಮನೆಯಲ್ಲಿ ಅಥವಾ ಮಗು ಇಷ್ಟಪಡುವ ಜಾಗದಲ್ಲಿ, ಸಾಧ್ಯವಾದಷ್ಟೂ ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯಿಂದ. ಆಗ ಸಮವಸ್ತ್ರ ಇರಕೂಡದು. ಮಗುವನ್ನು ಯಾವ ಕಾರಣಕ್ಕೂ ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಟಿ.ವಿ. ನೋಡಿದ ತಾಯಂದಿರು 'ಮಗೂನ ಸ್ಟೇಷನ್ನಿಗೆ ಕರ್ಕೊಂಡ್ಹೋಗ್ಬೇಕಲ್ಲ' ಎಂಬ ಹೆದರಿಕೆಗೇ ದೂರು ಕೊಡಲು ಹಿಂಜರಿದರೆ ಆ ಪಾಪ ಯಾರ ತಲೆಗೆ?

ಸಣ್ಣಪುಟ್ಟದ್ದೂ ಇವೆ. ಭುಜದ ಮೇಲೆ ಕೆಂಪು-ನೀಲಿ ಪಟ್ಟಿಯ ಜೊತೆ ಮೂರು ನಕ್ಷತ್ರ ಇದ್ದರೆ ಇನ್‌ಸ್ಪೆಕ್ಟರ್, ಪಟ್ಟಿ ಇಲ್ಲದೆ ಮೂರು ನಕ್ಷತ್ರ ಇದ್ದರೆ ಡಿವೈಎಸ್‌ಪಿ. ಬಟ್ಟೆ ಬಾಡಿಗೆಗೆ ಕೊಡುವವರು ಕೊಟ್ಟದ್ದನ್ನು ಹಾಕಿಕೊಂಡರೆ ಪಿಎಸ್‌ಐ ಎದುರು ಡಿವೈಎಸ್‌ಪಿ ಸಲ್ಯೂಟ್ ಹೊಡೆಯಬೇಕಾಗುತ್ತದೆ. ಕಾನ್‌ಸ್ಟೇಬಲ್‌ಗಳ ಸ್ಲೋಚ್ ಹ್ಯಾಟ್ ಹೋಗಿ ಕಡುನೀಲಿ ಪೀಕ್ ಕ್ಯಾಪ್ ಬಂದದ್ದು 2025ರಲ್ಲಿ. ಸಿಸಿಬಿ ಬೆಂಗಳೂರು ಪೊಲೀಸ್ ಕಮಿಷನರ್ ಕೈಕೆಳಗಿನದು, ಸಿಐಡಿ ಇಡೀ ರಾಜ್ಯದ್ದು, ಸಿಬಿಐ ಕೇಂದ್ರದ್ದು. ಒಂದೇ ಕಂತಿನಲ್ಲಿ ಮೂರನ್ನೂ ಕಲಸಬೇಡಿ. ಪೊಲೀಸರಿಗೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಹಾಕಿಸುವಂತಿಲ್ಲ, ಮಹಜರಿಗೆ ಹಾಕಿಸಲೇಬೇಕು. ಈ ಎರಡೂ ಪರದೆಯ ಮೇಲೆ ಸದಾ ಉಲ್ಟಾ.

ಇಷ್ಟು ಶಿಸ್ತು ತೋರಿಸಿದರೆ ವೀಕ್ಷಕರು ಚಾನೆಲ್ ಬದಲಿಸುತ್ತಾರೆ, ಅವರಿಗೆ ಬೇಕಿರುವುದು ಪೊಲೀಸರ ಮನೆ ಕಥೆ, ಎಂದು ತಯಾರಕರು ಹೇಳಬಹುದು. ಆ ಮನೆ ಕಥೆಯಾದರೂ ಹೇಗಿದೆ? ನಾಯಕನ ತಮ್ಮನ ಕೊಲೆಯನ್ನು ನಾಯಕನೇ ತನಿಖೆ ಮಾಡುತ್ತಾನೆ. ದೂರುದಾರನೇ ತನಿಖಾಧಿಕಾರಿಯಾದ ಮಾತ್ರಕ್ಕೆ ಕೇಸ್ ಬೀಳುವುದಿಲ್ಲ, ಪಕ್ಷಪಾತ ಇತ್ತೇ ಎಂಬುದನ್ನು ಆಯಾ ಪ್ರಕರಣದಲ್ಲೇ ನೋಡಬೇಕು ಎಂದು ಸುಪ್ರೀಂ ಕೋರ್ಟಿನ ಐವರ ಪೀಠ 2020ರಲ್ಲಿ ಹೇಳಿದೆ, ಸರಿ. ಆದರೂ ಸ್ವಂತ ತಮ್ಮನ ಕೇಸಿನ ಕಡತವನ್ನು ಬುದ್ಧಿಯಿರುವ ಯಾವ ಮೇಲಧಿಕಾರಿಯೂ ಅವನ ಕೈಲಿ ಬಿಡುವುದಿಲ್ಲ. ಕಡತ ಕೈತಪ್ಪಿದ ಅಣ್ಣ, ಪಕ್ಕದ ಟೇಬಲ್ಲಿನವರು ತನಿಖೆ ಮಾಡುವುದನ್ನು ಸುಮ್ಮನೆ ನೋಡುತ್ತ ಕೂರಬೇಕಾದ ಸಂಕಟವಿದೆಯಲ್ಲ, ಅದನ್ನು ಬರೆಯಿರಿ.

ತನಿಖಾಧಿಕಾರಿಯ ಸಂಸಾರ ಕೆಡುವುದು ಕೇಡಿಯ ಫೋನ್ ಕರೆಯಿಂದಲ್ಲ, ಕ್ಯಾಲೆಂಡರಿನಿಂದ. ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ 90 ದಿನ, ಉಳಿದವುಗಳಲ್ಲಿ 60 ದಿನ. ಅಷ್ಟರೊಳಗೆ ದೋಷಾರೋಪ ಪಟ್ಟಿ ಹೋಗದಿದ್ದರೆ, ಜಾಮೀನು ಕೊಡಲು ಸಿದ್ಧವಿರುವ ಆರೋಪಿಯನ್ನು ಬಿಡಲೇಬೇಕು. ಎಂಥ ಕ್ರೂರ ಕೊಲೆಯಾದರೂ ಸರಿ. ಈ ದಿನಗಳ ಲೆಕ್ಕ ಓಡುತ್ತಿರುವಾಗಲೇ ಗಣೇಶ ವಿಸರ್ಜನೆ ಬಂದೋಬಸ್ತ್, ಚುನಾವಣೆ, ವಿಐಪಿ ಭೇಟಿ, ನೈಟ್ ರೌಂಡ್ಸ್. ತನಿಖೆಯನ್ನೂ ಕಾನೂನು ಸುವ್ಯವಸ್ಥೆಯನ್ನೂ ಬೇರ್ಪಡಿಸಿ ಎಂದು ಸುಪ್ರೀಂ ಕೋರ್ಟ್ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು 2006ರಲ್ಲಿ. ಇವತ್ತಿಗೂ ಎಷ್ಟೋ ಠಾಣೆಯಲ್ಲಿ ಬೆಳಿಗ್ಗೆ ಮೆರವಣಿಗೆ ಕಾಯ್ದವರೇ ರಾತ್ರಿ ಕೇಸ್ ಡೈರಿ ಬರೆಯುತ್ತಾರೆ. ಆ ಡೈರಿ ದಿನದಿನವೂ ಬರೆಯಬೇಕಾದ್ದು: ಮಾಹಿತಿ ಬಂದ ವೇಳೆ, ತನಿಖೆ ಆರಂಭಿಸಿದ ವೇಳೆ, ನಿಲ್ಲಿಸಿದ ವೇಳೆ, ಹೋದ ಜಾಗಗಳು, ಪುಟಸಂಖ್ಯೆ ಸಮೇತ. ಮಗಳ ಹುಟ್ಟುಹಬ್ಬದ ದಿನ ಅಪ್ಪ ಎಲ್ಲಿದ್ದ ಎಂಬುದು ಮನೆಯ ಆಲ್ಬಮ್ಮಿಗಿಂತ ಆ ಡೈರಿಯಲ್ಲೇ ನಿಖರವಾಗಿರುತ್ತದೆ. ಎದೆಹಾಲುಣ್ಣುವ ಕೂಸಿರುವ ಮಹಿಳಾ ಪಿಎಸ್‌ಐ ಒಬ್ಬರ ರಾತ್ರಿ ಪಾಳಿಯ ಬಗ್ಗೆ ನಮ್ಮ ಪರದೆ ಈವರೆಗೆ ಎಷ್ಟು ನಿಮಿಷ ಕೊಟ್ಟಿದೆ?

ವರ್ಗಾವಣೆ ಆದಮೇಲೂ ಕೇಸ್ ಬಿಡುವುದಿಲ್ಲ. ಐದಾರು ವರ್ಷ ಕಳೆದು ಬೇರೆ ಜಿಲ್ಲೆಯಲ್ಲಿರುವಾಗ ಸಮನ್ಸ್ ಬರುತ್ತದೆ. ಕಡತ ಬೇರೆಯವರದಾಗಿರುತ್ತದೆ, ರೈಟರ್ ನಿವೃತ್ತನಾಗಿರುತ್ತಾನೆ, ಒಬ್ಬ ಪಂಚ ತೀರಿಕೊಂಡಿರುತ್ತಾನೆ. ಹಿಂದಿನ ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ತನ್ನದೇ ಕೈಬರಹವನ್ನು ತಾನೇ ಪಾಠದಂತೆ ಓದಿಕೊಳ್ಳಬೇಕು.

ಕಥೆಗಾರರಿಗೆ ಸಾಮಗ್ರಿಯ ಕೊರತೆಯೂ ಇಲ್ಲ. ಜಿಲ್ಲಾ ನ್ಯಾಯಾಲಯಗಳ ತೀರ್ಪುಗಳು ಇ-ಕೋರ್ಟ್ಸ್ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಖುಲಾಸೆಯ ತೀರ್ಪುಗಳನ್ನೇ ಹುಡುಕಿ ಓದಲಿ. ಎಲ್ಲಿ, ಯಾವ ಸಾಕ್ಷಿಯ ಯಾವ ಮಾತಿಗೆ ಕೇಸ್ ಕುಸಿಯಿತು ಎಂದು ನ್ಯಾಯಾಧೀಶರು ಸಾಲುಸಾಲಾಗಿ ಬರೆದಿರುತ್ತಾರೆ.

ಬೇಡ, ಆ ಲೋಟವೊಂದೇ ಸಾಕು. ಕೋರ್ಟ್ ಹಾಲ್. ಗುಮಾಸ್ತರು ಲಕೋಟೆ ತಂದು ಮೇಜಿನ ಮೇಲಿಡುತ್ತಾರೆ. ಅರಗು ಒಡೆದಿದೆ, ಲ್ಯಾಬ್‌ನವರು ತೆರೆದದ್ದೋ ಅದಕ್ಕೂ ಮೊದಲೇ ಒಡೆದದ್ದೋ ಗೊತ್ತಿಲ್ಲ. ಚೀಟಿಯ ಮೇಲಿನ ಶಾಯಿ ಮಸುಕಾಗಿದೆ. ಕಟಕಟೆಯಲ್ಲಿ ಈಗ ಡಿವೈಎಸ್‌ಪಿಯಾಗಿರುವ ಅಂದಿನ ಇನ್‌ಸ್ಪೆಕ್ಟರ್. ವಕೀಲರು ದನಿ ಏರಿಸದೆ ಕೇಳುತ್ತಾರೆ: 'ನೀವು ಒತ್ತಿದ ಮೊಹರಿನಲ್ಲಿ ಯಾವ ಅಕ್ಷರ ಇತ್ತು, ಸಾರ್?'

ಇಂತಿ,
ನಿವೃತ್ತ ತನಿಖಾಧಿಕಾರಿ